ಟೈಪ್‌ರೈಟರ್ ಕೀಲಿ: ಒತ್ತಿದ್ದೊಂದು, ಬಿದ್ದದ್ದೊಂದು

ಟೈಪ್‌ರೈಟರ್ ರಿಪೇರಿ ಮಾಡುವವನಿಗೆ ತಮಾಷೆಯನ್ನು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ. ಚೀಲದಲ್ಲಿ ಸ್ಕ್ರೂಡ್ರೈವರು, ಎಣ್ಣೆ ಡಬ್ಬಿ ಹಾಕಿಕೊಂಡು ಬಸ್ಸು ಹತ್ತಿದರೆ ಸಾಕು, ಇಳಿದ ಊರಿನಲ್ಲಿ ಏನಾದರೊಂದು ನಡೆದೇ ಇರುತ್ತದೆ.

ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಇತ್ತು. ಅಂಗಡಿಯಲ್ಲಿ ಕುಳಿತದ್ದಕ್ಕಿಂತ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಅಂತ ಅಲೆದದ್ದೇ ಹೆಚ್ಚು. ಆಗ ಕಚೇರಿಗಳಿಗೆ ಒಂದೊಂದಾಗಿ ಕನ್ನಡ ಟೈಪ್‌ರೈಟರುಗಳು ಬರುತ್ತಿದ್ದವು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಕ್ಕೆಂದು ಮಾಡಿದ ಯಂತ್ರದೊಳಗೆ ನಮ್ಮ ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ತುರುಕಿದ್ದರು. ತುರುಕಿದವರು ತುರುಕಿ ಹೋದರು, ಒತ್ತುವವರ ಪಾಡು ಒತ್ತುವವರಿಗೆ. ಹಾಗಾಗಿ ನನ್ನನ್ನು ಕರೆಸುತ್ತಿದ್ದವರಲ್ಲಿ ಅರ್ಧ ಜನ 'ಕೆಟ್ಟೈತೆ, ಸರಿ ಮಾಡ್ರಿ' ಅನ್ನುತ್ತಿರಲಿಲ್ಲ. 'ಚೆನ್ನಾಗೇ ಐತೆ, ಆದ್ರೆ ಈ ಕೀ ಇಲ್ಲಿಂದ ಕಿತ್ತು ಅಲ್ಲಿಗೆ ಹಾಕ್ರಿ' ಅನ್ನುತ್ತಿದ್ದರು.

ಹಾಲು ಬಾವಿ

ಹಿರಿಯೂರಿನ ಒಂದು ಕಚೇರಿಯಲ್ಲಿ ಟೈಪ್‌ರೈಟರಿನ 'ಳ' ಮುರಿದು ಬಿತ್ತು. ನಾನು ಹೋಗಿ ನೋಡಿದೆ. ಅಚ್ಚೇ ತುಂಡಾಗಿತ್ತು. ಬೆಂಗಳೂರಿನಿಂದ ಹೊಸದು ತರಿಸಬೇಕು, ಒಂದು ವಾರ ತಡೀರಿ ಅಂದೆ.

ಟೈಪಿಸ್ಟು ಸಮಾಧಾನದ ಮನುಷ್ಯ. "ಅವಸರ ಏನಿಲ್ಲ ಬಿಡ್ರಿ. 'ಳ' ಇಲ್ಲದಿದ್ರೆ 'ಲ' ಐತಲ್ಲ. ಅಣ್ಣ ಊರಲ್ಲಿ ಇಲ್ಲದಾಗ ತಮ್ಮ ಬಂದು ಸೈನು ಹಾಕಲ್ವೇನು?" ಅಂದರು.

ಒಂದು ವಾರ ಅಂದದ್ದು ಎರಡು ತಿಂಗಳಾಯಿತು.

ಆ ನಡುವೆ ಯಲ್ಲದಕೆರೆ ಕಡೆಯ ಒಂದು ಹಳ್ಳಿಯಿಂದ ಗೌಡರೊಬ್ಬರು ಬಂದರು. ಅವರ ಊರಿನ ಶಾಲೆ ಪಕ್ಕದಲ್ಲಿ ಒಂದು ಹಾಳು ಬಾವಿ. ಕಟ್ಟೆ ಇಲ್ಲ, ನೀರಿಲ್ಲ. ಹಿಂದಿನ ದಿನ ಒಂದು ಕರು ಬಿದ್ದು, ಹಗ್ಗ ಬಿಟ್ಟು ಎತ್ತಿದ್ದರು. "ಇವತ್ತು ಕರ, ನಾಳೆ ಮಕ್ಕಳು ಬಿದ್ರೆ ಏನ್ರಿ ಗತಿ? ಮೊದಲು ಮುಚ್ಚಿಸ್ರಿ" ಅಂತ ಅರ್ಜಿ ಕೊಟ್ಟರು. ಸಾಹೇಬರು ಮೇಲಿನ ಕಚೇರಿಗೆ ಪತ್ರ ಹಾಕಲು ಹೇಳಿದರು. ಟೈಪಿಸ್ಟು ಅವತ್ತೇ ಹೊಡೆದು ಕಳಿಸಿದರು: "ಶಾಲೆಯ ಪಕ್ಕದಲ್ಲಿರುವ ಹಾಲು ಬಾವಿಯನ್ನು ಕೂಡಲೇ ಮುಚ್ಚಿಸಬೇಕಾಗಿ ವಿನಂತಿ."

ಹದಿನೈದು ದಿನಕ್ಕೆ ಉತ್ತರ ಬಂತು. ವಿಷಯವು ಪಶುಸಂಗೋಪನೆಗೆ ಸಂಬಂಧಿಸಿದ್ದರಿಂದ ಪತ್ರವನ್ನು ಆ ಇಲಾಖೆಗೆ ವರ್ಗಾಯಿಸಲಾಗಿದೆ, ಸದರಿ ಬಾವಿಯಲ್ಲಿ ದಿನಕ್ಕೆ ಎಷ್ಟು ಲೀಟರ್ ದೊರೆಯುತ್ತದೆ, ಮುಚ್ಚಿಸಲು ಕಾರಣವೇನು ಎಂಬುದನ್ನು ತಿಳಿಸತಕ್ಕದ್ದು.

ಟೈಪಿಸ್ಟಿಗೆ ಎಲ್ಲಿ ತಪ್ಪಾಯಿತು ಅಂತ ತಕ್ಷಣ ಹೊಳೆಯಿತು. ಗಾಬರಿಯಾಗಿ ಸಾಹೇಬರು ನೋಡುವ ಮೊದಲೇ ತಿದ್ದುಪಡಿ ಪತ್ರ ಹೊಡೆದು ಅಂಚೆಗೆ ಹಾಕಿಬಿಟ್ಟರು. ಹೊಡೆದದ್ದು ಅದೇ ಯಂತ್ರದಲ್ಲಿ: "ಸದರಿ ಬಾವಿಯು ಹಾಲು ಬಾವಿಯಲ್ಲ, ಹಾಲು ಬಾವಿ ಎಂದು ತಿಲಿಯತಕ್ಕದ್ದು."

ನಾನು 'ಳ' ಹಿಡಿದುಕೊಂಡು ಹೋದ ದಿನವೇ ಗೌಡರೂ ವಿಚಾರಿಸಲು ಬಂದಿದ್ದರು. ಅವರ ಎದುರಿಗೇ ಅಚ್ಚು ಕೂರಿಸಿದೆ, ಹೊಸ ಪತ್ರ ಹೋಯಿತು, ಬಾವಿಗೆ ಮಣ್ಣೂ ಬಿತ್ತು. ಆಮೇಲೊಮ್ಮೆ ಬಸ್ಸಿನಲ್ಲಿ ಸಿಕ್ಕಾಗ ಗೌಡರು ಹೇಳಿದರು: "ಸದ್ಯ, ಟೈಮಿಗೆ ಬಂದ್ರಿ. ಇನ್ನೊಂದು ಪತ್ರ ಹೋಗಿದ್ರೆ ನಮ್ಮೂರಿಗೆ ಡೇರಿ ಹಾಕಿಬಿಡ್ತಿದ್ರು."

ಸಾರಿನಲ್ಲಿ 'ಞ'

ದುರ್ಗದಲ್ಲಿ ಒಬ್ಬ ಹಿರಿಯ ಟೈಪಿಸ್ಟು. ಇಪ್ಪತ್ತು ವರ್ಷ ಇಂಗ್ಲಿಷು ಹೊಡೆದ ಕೈ. ಕನ್ನಡದ ಯಂತ್ರ ಬಂದಾಗ ಬೆರಳು ಹಳೆಯ ಜಾಗಕ್ಕೇ ಹೋಗುತ್ತಿದ್ದವು. ಹೊಸ ಕೀಗಳನ್ನು ಮನೆಯಲ್ಲಿ ಅಭ್ಯಾಸ ಮಾಡಲು ಒಂದು ಹಳೆಯ ಇಂಗ್ಲಿಷ್ ಯಂತ್ರದ ಮೇಲೆ ಕನ್ನಡ ಅಕ್ಷರದ ಚೀಟಿಗಳನ್ನು ಗೋಂದು ಹಚ್ಚಿ ಅಂಟಿಸಿಕೊಂಡರು. ಒಳ್ಳೆಯ ಉಪಾಯವೇ. ಆದರೆ ಬೇಸಿಗೆ. ಬೆರಳು ಬೆವರಿ, ಒತ್ತಿದ ಅಕ್ಷರ ಬೆರಳಿಗೇ ಅಂಟಿಕೊಂಡು ಬರುತ್ತಿತ್ತು.

ಒಂದು ದಿನ ಅಂಗಡಿಗೆ ಬಂದು, "ಚೀಟಿ ಉದುರದ ಹಾಗೆ ಏನಾದ್ರೂ ಮಾಡ್ರಿ. 'ಞ' ಎಲ್ಲೋ ಕಳೆದು ಹೋಯ್ತು" ಅಂದರು.

"ಹೋಗ್ಲಿ ಬಿಡಿ ಸಾರ್, 'ಞ' ಯಾರಿಗೆ ಬೇಕಾಗ್ತೈತೆ?" ಅಂದೆ.

ಸಂಜೆ ಚೀಟಿಗಳ ಮೇಲೆ ವಾರ್ನಿಷ್ ಹಚ್ಚೋಣ ಅಂತ ಅವರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲಲ್ಲೇ ನನ್ನನ್ನು ತಡೆದರು. "ಬರ್ರಿ ಬರ್ರಿ. ನಿಮ್ಮ 'ಞ' ಮಧ್ಯಾಹ್ನದ ಸಾರಿನಲ್ಲಿ ಸಿಕ್ತು, ತೊಳೆದು ಇಟ್ಟೀನಿ. ಆದ್ರೆ ಬೆಳಿಗ್ಗೆ ಉಪ್ಪಿಟ್ಟು ತಿಂದಾಗಿಂದ ಇವರ ಹೊಟ್ಟೆ ಗುಡುಗುಡು ಅಂತೈತೆ. ಒಳಗೆ ಹೋಗಿರೋದು 'ಗ'ನೋ 'ಘ'ನೋ ಸ್ವಲ್ಪ ಲೆಕ್ಕ ಹಾಕಿ ನೋಡ್ರಿ."

ಬಾಣಂತಿ

ಮಾರಿಕಣಿವೆಯ ಹತ್ತಿರ ಒಂದು ಸಣ್ಣ ಕಚೇರಿ. ಅಲ್ಲಿನ ಟೈಪಿಸ್ಟು ಹಣೆ ತುಂಬ ವಿಭೂತಿ ಧರಿಸುವ ವಯಸ್ಸಾದವರು, ಇರುವೆ ಸಾಲು ಕಂಡರೆ ಸುತ್ತು ಬಳಸಿ ನಡೆಯುವ ಜಾತಿ. 'ನ' ಕೀ ಕೆಳಗೆ ಇಳಿಯುತ್ತಿಲ್ಲ ಅಂತ ಕಾಗದ ಬರೆದಿದ್ದರು.

ಹೋಗಿ ಯಂತ್ರದ ಮುಚ್ಚಳದ ತಟ್ಟೆ ಬಿಚ್ಚಿದೆ. ಒಳಗೆ ಕಡ್ಡಿಗಳ ಸಂದಿಯಲ್ಲಿ ಕಾಗದದ ಚೂರು, ಹತ್ತಿ ಎಲ್ಲ ಸೇರಿಸಿ ಇಲಿ ಗೂಡು ಮಾಡಿತ್ತು. ಅದರಲ್ಲಿ ಕಡಲೆಬೀಜದ ಗಾತ್ರದ ಆರು ಮರಿ, ಇನ್ನೂ ಕಣ್ಣು ಬಿಟ್ಟಿಲ್ಲ. ತಾಯಿ ನನ್ನನ್ನು ನೋಡಿ ಅಲ್ಲಾಡದೆ ಕುಳಿತಿತ್ತು.

ನಾನು ಇಕ್ಕಳ ತೆಗೆದೆ. ಅವರು ನನ್ನ ಕೈ ಹಿಡಿದರು.

"ಬ್ಯಾಡ್ರಿ. ಬಾಣಂತೀನ ಎಬ್ಬಿಸಬಾರದು."

"ಮತ್ತೆ 'ನ' ಹೆಂಗೆ ಹೊಡೀತೀರಿ?"

"ಹೊಡೆಯಲ್ಲ. ಹದಿನೈದು ದಿನ 'ನ' ಬಿಟ್ಟು ಬದುಕ್ತೀನಿ."

ಹೇಳುವುದು ಸುಲಭ. ಅವರ ಕೆಲಸವೇ ದಿನವೂ ಅಣೆಕಟ್ಟಿನ ನೀರಿನ ಮಟ್ಟ ವರದಿ ಮಾಡುವುದು. 'ನ' ಇಲ್ಲದೆ ನೀರು ಎಲ್ಲಿಂದ ಬರಬೇಕು? ಮೊದಲ ದಿನ ಅವರು ಯೋಚಿಸಿ ಯೋಚಿಸಿ ಹೊಡೆದರು: "ಜಲಾಶಯದಲ್ಲಿ ಜಲವು ಸ್ಥಿರವಾಗಿದೆ. ಭಯಪಡುವ ಅಗತ್ಯವಿಲ್ಲ." ಮಾರನೆಯ ದಿನ: "ಕಳೆದ ದಿವಸಕ್ಕಿಂತ ಜಲವು ಕೊಂಚ ಏರಿದೆ." 'ನಿಮ್ಮ ವಿಧೇಯ' ಹೋಗಿ 'ತಮ್ಮ ವಿಧೇಯ' ಆಯಿತು. ನಾಲ್ಕನೆಯ ದಿನ ಸಾಹೇಬರು ಕರೆಸಿದರು.

"ಏನ್ರಿ ಇದು? ಮೊನ್ನೆ ತನಕ ನೀರು ಅಂತಿದ್ರಿ, ಈಗ ಜಲ, ದಿವಸ ಅಂತೆಲ್ಲ ಬರೀತೀರಿ. ಪುರಾಣ ಹೇಳೋಕೆ ಹೊರಟೀರೇನು?"

"ತಪ್ಪಾಯ್ತು ಸಾರ್. 'ನ' ಒತ್ತಿದ್ರೆ ಮರಿಗಳಿಗೆ ಬಡೀತೈತೆ."

ಸಾಹೇಬರು ಎದ್ದು ಬಂದು ಯಂತ್ರದೊಳಗೆ ಇಣುಕಿದರು. "ಸರಿ, ಇದಕ್ಕೆ ಹದಿನೈದು ದಿನ ಹೆರಿಗೆ ರಜಾ ಕೊಟ್ಟೀನಿ. ಅಲ್ಲೀ ತನಕ ಕೈಯಲ್ಲಿ ಬರೀರಿ" ಅಂದು ಒಳಗೆ ಹೋದರು.

ಹದಿನೈದು ದಿನ ಬಿಟ್ಟು ನಾನು ಮತ್ತೆ ಹೋದಾಗ ತಾಯಿ, ಮಕ್ಕಳು ಮನೆ ಖಾಲಿ ಮಾಡಿದ್ದರು. ಗೂಡನ್ನು ಎತ್ತಿ ಮೇಜಿನ ಮೇಲಿಟ್ಟೆ. ಟೈಪಿಸ್ಟು ಕನ್ನಡಕ ಹಾಕಿಕೊಂಡು ಕಾಗದದ ಚೂರುಗಳನ್ನು ಒಂದೊಂದೇ ಜೋಡಿಸಿ ನೋಡಿದರು. ಅವರದೇ ಅಕ್ಷರ. ಯುಗಾದಿಗೆ ಮಗಳ ಊರಿಗೆ ಹೋಗಬೇಕು ಅಂತ ಕೊಟ್ಟು, ಕಡತದಲ್ಲಿ ಎಲ್ಲೋ ಕಳೆದುಹೋಗಿದೆ ಅನ್ನಿಸಿಕೊಂಡಿದ್ದ ರಜೆಯ ಅರ್ಜಿ.

"ನೋಡ್ರಿ, ಅರ್ಜಿ ಕೊಟ್ಟೋನು ನಾನು. ರಜಾ ಸಿಕ್ಕಿದ್ದು ಅದಕ್ಕೆ" ಅಂದರು.

ಎಲೈ

ಹೊಸದುರ್ಗದ ಕಡೆ ಒಬ್ಬ ನಾಟಕದ ಮೇಷ್ಟ್ರು ಇದ್ದರು. ಹಳ್ಳಿ ಹಳ್ಳಿಗೆ ಹೋಗಿ ನಾಟಕ ಕಲಿಸುವುದು ಅವರ ಕೆಲಸ, ಬರೆಯುವವರೂ ಅವರೇ. ಪಾತ್ರಕ್ಕೊಂದು ಪ್ರತಿ ಬರೆದು ಬರೆದು ಬೆರಳು ಊದಿಕೊಂಡಾಗ ಹಳೆಯದೊಂದು ಕನ್ನಡ ಟೈಪ್‌ರೈಟರ್ ಕೊಂಡರು. ಕೊಂಡ ತಿಂಗಳಿಗೇ ನನ್ನನ್ನು ಕರೆಸಿದರು.

"ಎಲ್ಲಾ ಸರಿ ಐತೆ. ಆದ್ರೆ 'ಎಲೈ' ಅಂತ ಹೊಡೆಯೋಕೆ ಎಷ್ಟು ಸಲ ಬೆರಳು ಆಡಿಸಬೇಕು ನೋಡ್ರಿ. ನನ್ನ ನಾಟಕದಲ್ಲಿ ಯಾವನೂ 'ಎಲೈ' ಅನ್ನದೆ ಬಾಯಿ ಬಿಡಲ್ಲ. ಅದಕ್ಕೇ ಒಂದು ಕೀ ಮಾಡಿಕೊಡ್ರಿ."

ನಾನು ಆಗಲ್ಲ ಅಂದೆ. ಅವರು ಬಿಡಲಿಲ್ಲ. ಕೊನೆಗೆ ದುರ್ಗದಲ್ಲಿ ರಬ್ಬರ್ ಮೊಹರು, ಹಿತ್ತಾಳೆ ಮೊಹರು ಕೆತ್ತುವವರೊಬ್ಬರನ್ನು ಹಿಡಿದು, ಒಂದು ಅಕ್ಷರದ ಜಾಗದಲ್ಲಿ ಹಿಡಿಸುವಷ್ಟು ಸಣ್ಣದಾಗಿ 'ಎಲೈ' ಕೆತ್ತಿಸಿದೆ. ಯಾರೂ ಬಳಸದ ಅರ್ಧ, ಕಾಲು ಅನ್ನುವ ಲೆಕ್ಕದ ಗುರುತಿನ ಅಚ್ಚು ತೆಗೆದು ಅಲ್ಲಿಗೆ ಬೆಸುಗೆ ಹಾಕಿದೆ. ಒತ್ತಿದರೆ ಎಳ್ಳಿನ ಗಾತ್ರದಲ್ಲಿ, ಆದರೆ ಅಚ್ಚುಕಟ್ಟಾಗಿ 'ಎಲೈ' ಬೀಳುತ್ತಿತ್ತು. ಮೇಷ್ಟ್ರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ನನ್ನ ಎದುರಿಗೇ ಒಂದು ಹಾಳೆ ತುಂಬ 'ಎಲೈ' ಹೊಡೆದರು.

ಒಂದೇ ಸಲ ಒತ್ತಿದರೆ ಸಿಗುವುದನ್ನು ಬೆರಳು ಬಿಡುತ್ತದೆಯೇ? ಮೊದಮೊದಲು ರಾಜರು, ರಾಕ್ಷಸರು 'ಎಲೈ' ಅನ್ನುತ್ತಿದ್ದರು. ಆಮೇಲೆ ತೊಟ್ಟಿಲು ತೂಗುವ ತಾಯಿ 'ಎಲೈ ಕಂದಾ' ಅನ್ನತೊಡಗಿದಳು. ಪಾತ್ರ ಮಾಡುವವರು ಬಾಯಿಪಾಠ ಮಾಡಿಕೊಂಡು ಅದನ್ನೇ ಅಂದರು, ನೋಡುವವರು ಚಪ್ಪಾಳೆ ಹೊಡೆದರು.

ಅಷ್ಟರಲ್ಲಿ ಅವರ ಮಗಳಿಗೆ ಹಿರಿಯೂರಿನ ಕಡೆಯಿಂದ ಒಳ್ಳೆಯ ಸಂಬಂಧ ಕೂಡಿ ಬಂತು. ಹೆಣ್ಣು ನೋಡಲು ಬರಬೇಕು ಅಂತ ಗಂಡಿನ ತಂದೆಗೆ ಪತ್ರ ಬರೆಯಬೇಕು. ಟೈಪು ಮಾಡಿದರೆ ಗೌರವ ಅಂತ ಮೇಷ್ಟ್ರು ಯಂತ್ರದ ಮುಂದೆ ಕುಳಿತರು, ಹೊಡೆದರು, ಅಂಚೆಗೆ ಹಾಕಿದರು. ನಕಲು ಪ್ರತಿಯನ್ನು ಹೆಂಡತಿಗೆ ಓದಿ ಹೇಳಲು ಕುಳಿತಾಗ ಗೊತ್ತಾಯಿತು: "ಎಲೈ ಬೀಗರೇ, ತಾವು ಎಲೈ ಕುಟುಂಬ ಸಮೇತ ದಯಮಾಡಿಸಬೇಕು. ನಮ್ಮ ಮಗಳು ಎಲೈ ಬಹಳ ಸಾಧು ಸ್ವಭಾವದವಳು."

ಹತ್ತು ದಿನ ಕಳೆದರೂ ಉತ್ತರ ಬರಲಿಲ್ಲ. ಹೆಂಡತಿ ಅಳುತ್ತಾ ಕುಳಿತರು. "ನಿಮ್ಮ ನಾಟಕ ನನ್ನ ಮಗಳ ಮದುವೇನ ತಿಂದ್ಕಂತು" ಅಂದರು. ಮಗಳು ಅಪ್ಪನ ಹತ್ತಿರ ಮಾತು ಬಿಟ್ಟಳು. ಮೇಷ್ಟ್ರು ನನಗೆ ಹೇಳಿ ಕಳಿಸಿದರು: ಬಂದು ಆ ಕೀ ಕಿತ್ತು ಹಾಕ್ರಿ, ಇನ್ನು ಅದರ ಮುಖ ನೋಡಲ್ಲ.

ನಾನು ಹೋಗಿ, ಯಂತ್ರ ಮಗುಚಿ, ಬೆಸುಗೆ ಬಿಡಿಸುವ ಹೊತ್ತಿಗೆ ಅಂಚೆಯವರು ಒಂದು ಕಾರ್ಡು ಕೊಟ್ಟು ಹೋದರು. ಗಂಡಿನ ತಂದೆಯದು. ಅವರೂ ಪ್ರಾಯದಲ್ಲಿ ರಾಜನ ಪಾರ್ಟು ಮಾಡಿದವರಂತೆ. ಮೇಷ್ಟ್ರು ಗಟ್ಟಿಯಾಗಿ ಓದಿದರು:

"ಎಲೈ ನಾಟಕಾಚಾರ್ಯನೇ! ನಿನ್ನ ಓಲೆಯು ತಲುಪಿತು. ಬರುವ ಸೋಮವಾರ ಸಪರಿವಾರರಾಗಿ ನಿನ್ನ ಮೇಲೆ ದಂಡೆತ್ತಿ ಬರುತ್ತಿದ್ದೇವೆ. ಉಪ್ಪಿಟ್ಟು, ಕೇಸರಿಬಾತುಗಳೊಡನೆ ನಮ್ಮನ್ನು ಎದುರುಗೊಳ್ಳುವಂಥವನಾಗು!"

ಹೆಂಡತಿ ಕಣ್ಣೊರೆಸಿಕೊಂಡು ಅಡಿಗೆ ಮನೆಗೆ ಓಡಿದರು. ಮೇಷ್ಟ್ರು ನನ್ನ ಕೈ ಹಿಡಿದುಕೊಂಡರು. "ತಡೀರಿ, ತಡೀರಿ. ಅದನ್ನ ಕೀಳಬ್ಯಾಡ್ರಿ. ಉತ್ತರ ಹೊಡೀಬೇಕು!"

ಇಲ್ಲದ್ದನ್ನು ಹೊಡೆಯಬಾರದು

ದುರ್ಗದ ಒಂದು ಟೈಪಿಂಗ್ ಶಾಲೆಯ ಯಂತ್ರಗಳನ್ನು ತಿಂಗಳಿಗೊಮ್ಮೆ ನಾನೇ ನೋಡಿಕೊಳ್ಳುತ್ತಿದ್ದೆ. ನಡೆಸುತ್ತಿದ್ದ ಪ್ರಿನ್ಸಿಪಾಲರು ಬಲು ಶಿಸ್ತಿನವರು. ಕೀ ನೋಡಿ ಹೊಡೆಯಬಾರದು ಅಂತ ಎಲ್ಲರ ಕೈ ಮೇಲೆ ಬಟ್ಟೆ ಹೊದಿಸುತ್ತಿದ್ದರು. "ಕಾಗದದಲ್ಲಿ ಏನೈತೋ ಅದನ್ನ ಮಾತ್ರ ಹೊಡೀಬೇಕು. ಇಲ್ಲದ್ದನ್ನ ಹೊಡೆದ್ರೆ ಅದೂ ತಪ್ಪೇ" ಅನ್ನುವುದು ಅವರ ದಿನದ ಮಂತ್ರ.

ಅಲ್ಲಿ ಕಲಿಯುತ್ತಿದ್ದ ಹುಡುಗಿಯೊಬ್ಬಳು ಒಂದು ಸಲ ನನ್ನ ಹತ್ತಿರ ಮೆಲ್ಲಗೆ ಕೇಳಿದಳು. "ಸಾರ್, ಒಂದು ಸಾಲಿಗೂ ಇನ್ನೊಂದು ಸಾಲಿಗೂ ಸಂದಿ ಬೀಳದ ಹಾಗೆ ರೋಲರ್ ತಿರುಗಿಸೋಕೆ ಆಗ್ತೈತಾ?"

"ಯಾಕವ್ವಾ?"

ಪುಸ್ತಕದೊಳಗಿಂದ ಒಂದು ಹಾಳೆ ತೆಗೆದು ತೋರಿಸಿದಳು. ಚಂದ್ರವಳ್ಳಿಯ ಕೆರೆ, ಹಿಂದೆ ಗುಡ್ಡ. ಎಲ್ಲ ಟೈಪಿನದೇ. ದುಂಡನೆಯ ಬಂಡೆಗಳಿಗೆಲ್ಲ 'ಠ', ನೀರಿಗೆ ಅಡ್ಡಗೆರೆ, ದೂರದ ಪೊದೆಗಳಿಗೆ ಚುಕ್ಕೆ. ನಾನು ಅಂಥದ್ದನ್ನು ಅದುವರೆಗೆ ಕಂಡಿರಲಿಲ್ಲ. ಸಾಲುಗಳ ನಡುವಿನ ಬಿಳಿ ಸಂದಿ ಮಾತ್ರ ಚಿತ್ರವನ್ನು ಹರಿದು ಹಾಕಿದಂತೆ ಕಾಣುತ್ತಿತ್ತು. ರೋಲರಿನ ಗುಂಡಿಯನ್ನು ಹೇಗೆ ಸಡಿಲ ಮಾಡಿಕೊಂಡು ಕೂದಲೆಳೆಯಷ್ಟು ತಿರುಗಿಸಬಹುದು ಅಂತ ತೋರಿಸಿಕೊಟ್ಟೆ. ಅದು ಸಿಕ್ಕಿದ್ದೇ ತಡ, ಅವಳು ಕಂಡಕಂಡವರ ಮುಖವನ್ನೆಲ್ಲ ಹೊಡೆಯಲು ಶುರು ಮಾಡಿದಳು.

ಪರೀಕ್ಷೆಗೆ ಒಂದು ವಾರ ಇದೆ ಅನ್ನುವಾಗ ಪ್ರಿನ್ಸಿಪಾಲರ ಕೈಗೆ ಅವರದೇ ಮುಖ ಸಿಕ್ಕಿತು. ನಾನು ಅವತ್ತು ಅಲ್ಲೇ ಎಣ್ಣೆ ಬಿಡುತ್ತಿದ್ದೆ. ಇವಳನ್ನು ಪರೀಕ್ಷೆಗೆ ಕೂರಿಸದೆ ಮನೆಗೆ ಕಳಿಸುತ್ತಾರೆ, ಅದಕ್ಕೆ ದಾರಿ ತೋರಿಸಿದವನು ನಾನೇ ಅಂತ ಎಣ್ಣೆ ಡಬ್ಬಿ ಕೆಳಗಿಟ್ಟೆ. ಇಡೀ ಶಾಲೆಯ ಟಕಟಕ ನಿಂತಿತು. ಪ್ರಿನ್ಸಿಪಾಲರು ಹಾಳೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಮೀಸೆ ಸರಿಯಾಗಿತ್ತು, ಕನ್ನಡಕ ಸರಿಯಾಗಿತ್ತು, ಕೋಪ ಕೂಡ ಸರಿಯಾಗಿಯೇ ಬಂದಿತ್ತು. ಹಣೆಯಿಂದ ಮೇಲಕ್ಕೆ ಮಾತ್ರ ಬಿಳಿ ಕಾಗದ.

"ಏನಮ್ಮಾ, ತಲೆ ಮೇಲೆ ಯಾಕೆ ಏನೂ ಹೊಡೆದಿಲ್ಲ?"

ಹುಡುಗಿ ತಲೆ ತಗ್ಗಿಸಿ ನಿಜ ಹೇಳಿದಳು. "ಇಲ್ಲದ್ದನ್ನ ಹೊಡೆದ್ರೆ ತಪ್ಪು ಅಂತ ನೀವೇ ಹೇಳೀರಿ ಸಾರ್."

ಪ್ರಿನ್ಸಿಪಾಲರು ತಮ್ಮ ಬೋಳು ತಲೆಯನ್ನೊಮ್ಮೆ ಸವರಿಕೊಂಡರು. ಆಮೇಲೆ ಕೆಂಪು ಪೆನ್ನು ತೆಗೆದು ಹಾಳೆಯ ಮೂಲೆಯಲ್ಲಿ ಬರೆದರು: "ತಪ್ಪುಗಳು: ಇಲ್ಲ."

ಕಾಲಿನಲ್ಲಿ ಟೈಪಿಂಗು

ಹೊಳಲ್ಕೆರೆಯ ಒಂದು ಕಚೇರಿಯಲ್ಲಿ ಗುಮಾಸ್ತರೊಬ್ಬರಿದ್ದರು. ಸೈಕಲ್ಲಿನಿಂದ ಬಿದ್ದು ಎಡಗೈ ಮೊಣಕೈ ಹತ್ತಿರ ಮುರಿದು, ಕಟ್ಟು ಹಾಕಿಸಿದ ಮೇಲೂ ಕೈ ಮಡಚಲು ಬರಲಿಲ್ಲ. ಅವರ ಕೆಲಸವೆಲ್ಲ ಟೈಪಿಂಗೇ. ಸಾಲು ಮುಗಿದಾಗಲೆಲ್ಲ ಎಡಗೈಯಿಂದ ಹಿಡಿಕೆ ತಳ್ಳಿ, ಕಾಗದ ಹೊತ್ತ ಗಾಡಿಯನ್ನು ಮತ್ತೆ ಮೊದಲಿಗೆ ತರಬೇಕು. ಮೇಲಿನ ಅಕ್ಷರ ಬೇಕಾದರೆ ಒಂದು ಕೈಯಲ್ಲಿ ಶಿಫ್ಟ್ ಕೀ ಹಿಡಿದು ಇನ್ನೊಂದರಲ್ಲಿ ಹೊಡೆಯಬೇಕು. ಒಂದೇ ಕೈಯಲ್ಲಿ ದಿನಕ್ಕೆ ಎರಡು ಪತ್ರ ಆದರೆ ಹೆಚ್ಚು. ದುರ್ಗದಿಂದ ಸಾಹೇಬರು ಬಂದು ಪರೀಕ್ಷೆ ಮಾಡುತ್ತಾರೆ, ಆಗದಿದ್ದರೆ ಮನೆಗೆ ಕಳಿಸುತ್ತಾರೆ ಅನ್ನುವ ಸುದ್ದಿ ಬಂತು.

ಅವರು ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತರು. "ಕೈ ಒಂದೇ ಐತೆ, ಕಾಲು ಎರಡೂ ಗಟ್ಟಿ ಅವೆ. ಏನಾದ್ರೂ ದಾರಿ ಐತಾ?" ಅಂದರು.

ಹಳೆಯ ಹೊಲಿಗೆ ಮೆಷೀನಿನ ಎರಡು ಪೆಡಲು ಹುಡುಕಿದೆ. ಎಡಗಾಲಿನದಕ್ಕೆ ಸೈಕಲ್ ಬ್ರೇಕಿನ ತಂತಿ ಕಟ್ಟಿ ಶಿಫ್ಟ್ ಕೀಗೆ ಜೋಡಿಸಿದೆ. ಬಲಗಾಲಿನದರಿಂದ ಒಂದು ದಾರ ಸಣ್ಣ ರಾಟೆಯ ಮೇಲೆ ಹಾದು ಗಾಡಿಯ ಹಿಡಿಕೆಗೆ. ತುಳಿದರೆ ಗಾಡಿ ಮೊದಲಿಗೆ ಬಂದು, ರೋಲರು ಒಂದು ಸಾಲು ಉರುಳಬೇಕು. ಮೊದಲ ಸಲ ತುಳಿದಾಗ ಗಾಡಿ ಬಂದ ರಭಸಕ್ಕೆ ಮೇಜಿನ ಮೇಲಿನ ಮಸಿ ಕುಡಿಕೆ ಕಿಟಕಿಯಿಂದ ಹಾರಿತು. ಎರಡು ವಾರ ಸ್ಪ್ರಿಂಗು ಬದಲಿಸಿ, ದಾರ ಬದಲಿಸಿ ಹದಕ್ಕೆ ತಂದೆ. ಅವರು ಯಂತ್ರವನ್ನು ಮನೆಗೆ ತರಿಸಿಕೊಂಡು ಬೆಳಿಗ್ಗೆ ಸಂಜೆ ಅಭ್ಯಾಸ ಮಾಡಿದರು. ಅವರ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಇವರು ಟೈಪು ಹೊಡೀತಾರೋ, ಕಂಬಳಿ ನೇಯ್ತಾರೋ ಒಂದೂ ತಿಳಿಯಲ್ಲ" ಅಂದರು. ಆದರೂ ಅವರ ಮುಖದಲ್ಲಿ ಅಷ್ಟು ದಿನದ ಮೇಲೆ ನಗು ಇತ್ತು.

ಪರೀಕ್ಷೆಯ ದಿನ ಬಂತು. ಸಾಹೇಬರು ಜೀಪಿನಿಂದ ಇಳಿದರು. ಕೋಟು, ಉದ್ದನೆಯ ಟೈ. ಮೆಕ್ಯಾನಿಕ್ಕು ಒಳಗೆ ಇರಬಾರದು ಅಂದದ್ದರಿಂದ ನಾನು ಹೊರಗೆ ಕಿಟಕಿಯ ಹತ್ತಿರ ನಿಂತೆ. ಬಾಗಿಲಲ್ಲಿ ಕಚೇರಿಯ ಅಟೆಂಡರು ನಿಂತಿದ್ದ. ಅವನ ಕಿವಿ ಸಾಹೇಬರ ಬೆಲ್ಲಿನ ಮೇಲೆ. ಟಿಣ್ ಅಂದರೆ ಒಳಗೆ ಹೋಗಬೇಕು, ಅಷ್ಟೇ ಅವನಿಗೆ ಗೊತ್ತಿದ್ದದ್ದು.

ಸಾಹೇಬರು ಒಂದು ಪುಟ ಕೊಟ್ಟು ಗಡಿಯಾರ ನೋಡಿದರು. ಗುಮಾಸ್ತರು ಎರಡೂ ಪೆಡಲಿನ ಮೇಲೆ ಕಾಲಿಟ್ಟು ಶುರು ಮಾಡಿದರು. ಬಲಗೈ ಓಡಿತು, ಕಾಲುಗಳು ತಾಳ ಹಾಕಿದಂತೆ ಆಡಿದವು. ಸಾಲು ಮುಗಿದು ಯಂತ್ರದ ಗಂಟೆ ಟಿಣ್ ಅಂದಾಗಲೆಲ್ಲ ಅಟೆಂಡರು ಇಣುಕಿದ, ಸಾಹೇಬರು ಕೈ ಬೀಸಿ ಕಳಿಸಿದರು. ಪುಟ ಮುಗಿಯಿತು. ಸಾಹೇಬರು ತಪ್ಪು ಹುಡುಕಿದರು, ಎರಡೇ ಸಿಕ್ಕವು.

"ಭೇಷ್! ಎರಡು ಕೈ ಇರೋರೂ ಹಿಂಗೆ ಹೊಡೆಯಲ್ಲ. ಏಳ್ರಿ, ನಾನೂ ಒಂದು ಸಲ ನೋಡ್ತೀನಿ."

ಗುಮಾಸ್ತರಿಗೆ ಕುರ್ಚಿ ಬಿಡಲು ಮನಸ್ಸಿಲ್ಲ. ಆದರೂ ಎದ್ದು ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕುಳಿತರು. ಸಾಹೇಬರು ಕುಳಿತು, ರೋಲರು ಹೇಗೆ ತಿರುಗುತ್ತದೆ ಅಂತ ಬಗ್ಗಿ ನೋಡುತ್ತಾ ಬಲಗಾಲು ತುಳಿದರು. ಗಾಡಿ ಸರಕ್ಕನೆ ಬಂತು. ರೋಲರು ಉರುಳಿತು. ಕಾಗದದ ಜೊತೆಗೆ ಸಾಹೇಬರ ಟೈಯ ತುದಿಯೂ ಒಳಗೆ ಹೋಯಿತು.

ಅವರಿಗೆ ಗಾಬರಿಯಾಯಿತು. ಗಾಬರಿಯಾದ ಮನುಷ್ಯ, ಅದರಲ್ಲೂ ಜೀಪು ಓಡಿಸುವವನು, ಏನು ಮಾಡುತ್ತಾನೆ? ಬ್ರೇಕು ತುಳಿಯುತ್ತಾನೆ. ತುಳಿದರು. ಇನ್ನೊಂದು ಸಾಲು ಟೈ ಒಳಗೆ ಹೋಯಿತು. ತಲೆ ಕೆಳಗೆ ಬಂತು. ಒದ್ದಾಡುತ್ತ ಗಾಡಿಯನ್ನು ಸಡಿಲ ಬಿಡುವ ಗುಂಡಿಯ ಮೇಲೆ ಕೈ ಊರಿದರು. ಗಾಡಿ ತುದಿಗೆ ಓಡಿ ಟಿಣ್ ಅಂತು.

ಅಟೆಂಡರು ಒಳಗೆ ಬಂದ. ಸಾಹೇಬರು ಗುಮಾಸ್ತರ ಕಡೆಗೆ ತಲೆ ಬಗ್ಗಿಸಿರುವುದನ್ನು ಕಂಡ. ನೋಡಬಾರದ್ದನ್ನು ನೋಡಿದವನ ಹಾಗೆ ಹಿಂದೆ ಸರಿದು ಬಾಗಿಲು ಮುಂದೆ ಮಾಡಿಕೊಂಡ.

"ಸಾರ್, ಕಾಲು ಬಿಡ್ರಿ! ಕಾಲು ಬಿಡ್ರಿ!" ಗುಮಾಸ್ತರು ಕೂಗುತ್ತಿದ್ದರು. ಸಾಹೇಬರು ಎಡಗಾಲು ತೆಗೆದು ಬಲಗಾಲು ತುಳಿದರು. ಇನ್ನೊಂದು ಸಾಲು. ಟಿಣ್. ಅಟೆಂಡರು ಮತ್ತೆ ಇಣುಕಿದ. ಈ ಸಲ ಸಾಹೇಬರ ಮೂಗು ಕೀಗಳಿಗೆ ಮುಟ್ಟಿತ್ತು. ಮತ್ತೆ ಬಾಗಿಲು ಮುಚ್ಚಿಕೊಂಡ.

ನಾನು ಕಿಟಕಿಯಿಂದ ಸುತ್ತು ಹಾಕಿ ಓಡಿದೆ. ಬಾಗಿಲಲ್ಲಿ ಅಟೆಂಡರು ಅಡ್ಡ ನಿಂತು, "ಈಗ ಹೋಗಬ್ಯಾಡ್ರಿ, ಒಳಗೆ ಸಾಹೇಬ್ರು ಬೇರೆ ಥರ ಅವ್ರೆ" ಅಂದ. ಅವನನ್ನು ತಳ್ಳಿಕೊಂಡು ಹೋಗಿ, ರೋಲರು ಸಡಿಲ ಮಾಡುವ ಹಿಡಿಕೆ ಎತ್ತಿದೆ. ಸಾಹೇಬರು ಟೈ ಸಮೇತ ಹಿಂದಕ್ಕೆ ಬಿದ್ದು ಕುಳಿತರು. ಟೈಯ ಮೇಲೆ ಅವರ ಮೂಗು ಹೊಡೆದ ಐದಾರು ಅಕ್ಷರ ಮೂಡಿದ್ದವು. ಒಂದು ಲೋಟ ನೀರು ಕುಡಿದರು. ಕೆಲಸ ಹೋಯಿತು ಅಂತಲೇ ಗುಮಾಸ್ತರ ಲೆಕ್ಕ.

ಸಾಹೇಬರು ಒಳ್ಳೆಯವರು. ಕಡತ ತರಿಸಿ, "ಈ ನೌಕರರು ಕೆಲಸಕ್ಕೆ ಸಮರ್ಥರು" ಅಂತ ಬರೆದು ಸೈನು ಹಾಕಿದರು. ಟೈ ಬಿಚ್ಚಿ ಜೇಬಿಗಿಟ್ಟುಕೊಂಡು, "ಇಲ್ಲಿ ನಡೆದದ್ದು ಇಲ್ಲೇ ಇರಲಿ. ಯಾರಿಗೂ ಹೇಳಬ್ಯಾಡ್ರಿ" ಅಂದು ಜೀಪು ಹತ್ತಿದರು.

ನಾವಿಬ್ಬರೂ ಯಾರಿಗೂ ಹೇಳಲಿಲ್ಲ. ಅಟೆಂಡರಿಗೆ ಆ ಮಾತು ಯಾರೂ ಹೇಳಿರಲಿಲ್ಲ. ಸಂಜೆ ನಾನು ಬಸ್ ನಿಲ್ದಾಣಕ್ಕೆ ಬರುವ ಹೊತ್ತಿಗೆ ಹೋಟೆಲಿನಲ್ಲಿ ಅವನ ಸುತ್ತ ಜನ. "ನಾನು ಕಣ್ಣಾರೆ ಕಂಡೀನಿ. ನಮ್ಮ ಗುಮಾಸ್ತರು ಎತ್ತರದಲ್ಲಿ ಕುಂತಿದ್ರು. ದುರ್ಗದ ಸಾಹೇಬ್ರು ಒಂದು ಸಲ ಅಲ್ಲ, ಬೆಲ್ಲು ಹೊಡೆದೂ ಹೊಡೆದೂ ಅಡ್ಡಬಿದ್ರು. ನಮ್ಮೋರು ಒಳ್ಳೆ ಮನುಷ್ಯ. 'ಕಾಲು ಬಿಡ್ರಿ' ಅಂತ ಬೇಡಿಕೊಂಡ್ರೂ ಸಾಹೇಬ್ರು ಬಿಡಲಿಲ್ಲ!"

ಮುಂದಿನ ತಿಂಗಳು ಹೊಸ ದಾರ ಕೊಡಲು ಗುಮಾಸ್ತರ ಮನೆಗೆ ಹೋದರೆ ಜಗಲಿಯ ಮೇಲೆ ಏಳೆಂಟು ಜನ ಬಾಳೆಹಣ್ಣು, ತೆಂಗಿನಕಾಯಿ ಹಿಡಿದು ಕುಳಿತಿದ್ದರು. ಎಲ್ಲರಿಗೂ ವರ್ಗಾವಣೆ ಬೇಕಾಗಿತ್ತು. ನಾನು ಒಳಗೆ ಹೋಗಲು ನೋಡಿದೆ. ಮುಂದೆ ಕುಳಿತಿದ್ದ ಶಾಲೆ ಮೇಷ್ಟ್ರೊಬ್ಬರು ನನ್ನ ಚೀಲ ಹಿಡಿದು ಎಳೆದರು.

"ಏನಪ್ಪ, ಸಾಲಿನಲ್ಲಿ ಕುಂತ್ಕಳ್ರಿ. ದುರ್ಗದ ಸಾಹೇಬ್ರೇ ಬಂದ್ರೂ ಇಲ್ಲಿ ನಮ್ಮ ಹಿಂದೇನೇ!"